ಜ್ವರಕ್ಕೆ ಹೆದರಿ ಮಡಿ ಉಟ್ಟವರು

ಜ್ವರ ರೈಲಿನಲ್ಲೇ ಬರುತ್ತದೆ ಎಂಬುದು ವಾಸುದೇವರಾಯರ ಖಚಿತ ಅಭಿಪ್ರಾಯ. ಮುಂಬಯಿಯಲ್ಲಿ ಹತ್ತಿ, ಸೊಲ್ಲಾಪುರದಲ್ಲಿ ಚಹಾ ಕುಡಿದು, ಕಲಬುರ್ಗಿ ಸ್ಟೇಷನ್ನಿನಲ್ಲಿ ಇಳಿದು ಅದು ನೇರವಾಗಿ ತಮ್ಮ ಮನೆಯ ದಾರಿಯನ್ನೇ ಕೇಳುತ್ತದೆ ಎಂದು ಅವರು ನಂಬಿದ್ದರು. ನಿಜಾಮ ಸರಕಾರದ ಕಚೇರಿಯಲ್ಲಿ ಗುಮಾಸ್ತಿಕೆ. ಪಕ್ಕದವ ಕೆಮ್ಮಿದರೆ ಬರೆಯುತ್ತಿದ್ದ ಇವರ ಟಾಕು ನಿಲ್ಲುತ್ತಿತ್ತು.

ಜ್ವರ ಬರುವ ಮೊದಲೇ ಮೈಯನ್ನು ಕೋಟೆ ಮಾಡಿಕೊಳ್ಳಬೇಕೆಂದು ರಾಯರು ಸಂಕಲ್ಪಿಸಿದರು. ಹಕೀಮ ಜಹೀರುದ್ದೀನ್ ಸಾಹೇಬರು ದಿನಾ ಅರಿಶಿಣದ ಹಾಲು ಕುಡಿಯಲು ಹೇಳಿದರು. ಹೆಂಡತಿ ಸಕ್ಕೂಬಾಯಿ ಆ ಮಾತನ್ನು ಹೊಸಿಲಲ್ಲೇ ತಡೆದರು.

"ಚಾತುರ್ಮಾಸ ನಡದದ. ಈ ತಿಂಗಳು ಹಾಲು ಮುಟ್ಟೋ ಹಂಗಿಲ್ಲ."

"ಜ್ವರಕ್ಕ ಚಾತುರ್ಮಾಸ ಗೊತ್ತದ ಏನ?"

"ಅದಕ್ಕ ಗೊತ್ತಿರಲಿಕ್ಕಿಲ್ಲ. ನಮ್ಮವ್ವಗ ಗೊತ್ತದ."

ಕೊನೆಗೆ ತುಳಸಿ, ಶುಂಠಿ, ಮೆಣಸು, ಅಮೃತಬಳ್ಳಿ ಕುದಿಸಿದ ಕಷಾಯ ನಿಶ್ಚಯವಾಯಿತು. (ಅದರ ಕಹಿಗೆ ಜ್ವರ ಮೊದಲು ಸಾಯುವುದೋ, ಕುಡಿದವ ಮೊದಲೋ ಎಂಬುದಷ್ಟೇ ಸಂಶಯ.) ಅಷ್ಟಕ್ಕೂ ಧೈರ್ಯ ಬಾರದೆ ಹದಿನೈದು ದಿನದ ರಜೆಗೆ ಅರ್ಜಿ ಗೀಚಿ, ಗಡಿಗೆ ತುಂಬ ಕಷಾಯದ ಸಾಮಾನು ಕಟ್ಟಿಕೊಂಡು, ಹೆಂಡತಿಯೊಡನೆ ಅತ್ತೆಯ ಊರಾದ ಕಮಲಾಪುರಕ್ಕೆ ಹೊರಟರು. ಅಲ್ಲಿ ಒಳ್ಳೆಯ ಗಾಳಿಯುಂಟು, ಕೆಂಪು ಬಾಳೆಹಣ್ಣುಂಟು, ಮುಖ್ಯವಾಗಿ ರೈಲಿಲ್ಲ.

ಬಂಡಿ ಇಳಿಯುವುದೇ ತಡ, ನೆರೆಮನೆಯ ದುಂಡಮ್ಮ ಮೂಗು ಒರೆಸಿಕೊಂಡ ಕೈಯಲ್ಲೇ ರಾಯರ ಕಾಲಿಗೆ ಬಗ್ಗಿದಳು. ರಾಯರು ಕಾಲು ಹಿಂದಕ್ಕೆಳೆದುಕೊಂಡರು.

"ಮುಟ್ಟಬ್ಯಾಡ್ರಿ, ಮಡಿಯೊಳಗ ಅದೀನಿ," ಎಂದುಬಿಟ್ಟರು.

ಅತ್ತೆ ಇಂದೂಬಾಯಿಯವರ ಹುಬ್ಬು ಮೇಲೇರಿತು. "ಬಂಡಿಯೊಳಗಿಂದ ಇಳದದ್ದು ಯಾವ ಮಡಿರಿ ಇದು?"

"ಅನುಷ್ಠಾನ. ಹದಿನೈದು ದಿನದ್ದು."

ಅತ್ತೆಗೆ ಪರಮಾನಂದವಾಯಿತು. ಅಳಿಯನಿಗೆ ಇಷ್ಟು ದೇವರಭಕ್ತಿ ಇದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ. ಅನುಷ್ಠಾನಕ್ಕೆ ಬಿಸಿನೀರು ಸಲ್ಲದು, ಬೆಳಕು ಹರಿಯುವ ಮುಂಚೆ ಬಾವಿಯ ತಣ್ಣೀರು, ಯಾರು ಮುಟ್ಟಿದರೂ, ಹೆಂಡತಿ ಮುಟ್ಟಿದರೂ, ಮತ್ತೆ ಒಂದು ಸ್ನಾನ ಎಂದು ಕಟ್ಟಳೆ ಹಾಕಿದರು. ಜ್ವರಕ್ಕಿಂತ ತಣ್ಣೀರು ವಾಸಿ ಎಂದು ರಾಯರು ಹಲ್ಲು ಕಟಕಟಿಸುತ್ತ ಒಪ್ಪಿದರು.

ದುಂಡಮ್ಮ ಸುಮ್ಮನಿರುವವಳಲ್ಲ. ಊರಿಗೆ ಜ್ವರ ಬರಬಾರದೆಂದು ರಾಯರು ತಪಸ್ಸಿಗೆ ಕೂತಿದ್ದಾರೆ, ದಿನಾ ಕಹಿ ತೀರ್ಥ ಕುಡಿಯುತ್ತಾರೆ ಎಂದು ಸುದ್ದಿ ಹಬ್ಬಿಸಿದಳು. ಮೂರನೆಯ ದಿನ ಅಂಗಳ ತುಂಬಿತು. ಮಹಾಗಾಂವದ ಚಂದ್ರಾಮಪ್ಪ ಮನೆಮಂದಿಯನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡು ಬಂದಿದ್ದ. ಒಬ್ಬರು ಬಿಟ್ಟರೆ ಒಬ್ಬರು ಕೆಮ್ಮುತ್ತಿದ್ದರು.

"ಯಪ್ಪಾ, ತಲೀಮ್ಯಾಲ ಒಂದೀಟು ಕೈ ಇಡ್ರಿ."

ರಾಯರು ಬೆನ್ನಿಗೆ ಗೋಡೆ ತಾಗುವವರೆಗೆ ಹಿಂದೆ ಸರಿದರು. "ಇಲ್ಲಿಂದನ ಆಶೀರ್ವಾದ ಮಾಡ್ತೇನಿ."

"ದೂರದ್ದು ಹತ್ತಂಗಿಲ್ರಿ."

ರಾಯರು ಒಳಗೆ ಓಡಿ ಹೆಂಡತಿಗೆ ಕೈಮುಗಿದರು. "ಸಕ್ಕೂ, ಖರೇ ಹೇಳಿಬಿಡು."

"ಏನಂತ? ಹೆದರಿ ಸುಳ್ಳು ಹೇಳ್ಯಾರಂತನಾ? ನಮ್ಮವ್ವ ಈ ಊರಾಗ ತಲಿ ಎತ್ತಿ ತಿರಗಬೇಕು. ಹೋಗ್ರಿ, ಕೈ ಇಡ್ರಿ."

ಇಟ್ಟರು. ಹತ್ತೊಂಬತ್ತು ತಲೆ, ಹತ್ತೊಂಬತ್ತು ಸ್ನಾನ. ಉಸಿರು ಬಿಗಿಹಿಡಿದು ತಲೆ ಮುಟ್ಟುವುದು, ಬಾವಿಗೆ ಓಡುವುದು, ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲೇ ಮರಳುವುದು. ಕಷಾಯವಾದರೂ ತಮ್ಮನ್ನು ಕಾಪಾಡುತ್ತದೆ ಎಂದು ನೋಡಿದರೆ, ಅತ್ತೆ ತೀರ್ಥದ ಉದ್ಧರಣೆಯಲ್ಲಿ ಅದನ್ನು ಭಕ್ತರಿಗೆ ಹಂಚಿ ಪಾತ್ರೆಯನ್ನೂ ತೊಳೆದಿಟ್ಟಿದ್ದರು. ಸಂಜೆಯ ಹೊತ್ತಿಗೆ ರಾಯರು ಸೀನಿದರು. ಅಂಗಳವೆಲ್ಲ ಇತ್ತ ತಿರುಗಿತು. ಜೀವ ಹೋಗುವಷ್ಟು ಹೆದರಿದರೂ, ಇನ್ನು ಎಲ್ಲರೂ ಎದ್ದು ಓಡುತ್ತಾರೆಂದು ಅವರಿಗೆ ಒಂದಿಷ್ಟು ಸಮಾಧಾನವೂ ಆಯಿತು.

ಚಂದ್ರಾಮಪ್ಪನ ಕಣ್ಣು ತುಂಬಿತು. "ನೋಡ್ರೆಪಾ, ನಮ್ಮ ಜಡ್ಡೆಲ್ಲಾ ತಮ್ಮ ಮೈಗಿ ತಗೊಂಡ್ರು."

ಅಷ್ಟೇ ಸಾಕಾಯಿತು. ಅಂಗಳಕ್ಕೆ ಅಂಗಳವೇ ಮೇಲೆ ಬಿತ್ತು. ಕಾಲು ಹಿಡಿದವರೆಷ್ಟೋ, ಕೈ ಒತ್ತಿದವರೆಷ್ಟೋ. ದುಂಡಮ್ಮ ತನ್ನ ಸೆರಗಿನಿಂದಲೇ ರಾಯರ ಮೂಗು ಒರೆಸಿದಳು.

ಅಂತೂ ಸಕ್ಕೂಬಾಯಿ ಅವರನ್ನು ಬಿಡಿಸಿ ಒಳಗೆ ತಂದು ಕಂಬಳಿ ಹೊದಿಸಿದರು. ರಾಯರು ಕಂಬಳಿಯೊಳಗಿಂದ ಮುಖ ಹೊರಹಾಕಿದರು. "ಸಕ್ಕೂ, ನಾ ಉಳೀತೇನಿ ಏನ?"

ಸಕ್ಕೂಬಾಯಿ ಹಣೆ ಮುಟ್ಟಿ ನೋಡಿದರು. "ಜ್ವರ ಇಲ್ಲರಿ. ತಣ್ಣೀರಿನ ನೆಗಡಿ. ಬೆಚ್ಚಗ ಮಲಗ್ರಿ, ಹೋಗ್ತದ."

ರಾಯರಿಗೆ ಹೋದ ಜೀವ ಬಂದಂತಾಯಿತು. ಕಂಬಳಿಯೊಳಗೆ ಕಾಲು ಮಡಚಿ ಕಣ್ಣು ಮುಚ್ಚುವಷ್ಟರಲ್ಲಿ ಅತ್ತೆ ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಏಳ್ರಿ ಅಳಿಯಂದ್ರ. ನಾ ಎಣಿಸೇನಿ, ನೀವು ಸೀನಿದ ಮ್ಯಾಲ ಮುಟ್ಟಿದವರು ಮೂವತ್ತೇಳು ಮಂದಿ. ಈಗ ಸಕ್ಕೂನೂ ಮುಟ್ಟ್ಯಾಳ."