ಬೈಗುಳ ತರಲು ಭದ್ರಾವತಿಗೆ ಹೋದದ್ದು

ಬೈಸಿಕೊಳ್ಳುವ ವಿದ್ಯೆಯಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವಿಮಾ ಕಚೇರಿಯ ಕೌಂಟರಿನಲ್ಲೇ ಕೂತು ನಿವೃತ್ತನಾದವನು ನಾನು. ಹಾಗಾಗಿ ನನ್ನ ಹೆಂಡತಿ ಶಶಿಕಲಾ ಬಚ್ಚಲಲ್ಲಿ ಜಾರಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, "ನನ್ನ ಪಿಎಚ್.ಡಿ. ಕಥೆ ಮುಗೀತು ಕಣ್ರೀ" ಎಂದು ಕಣ್ಣೀರು ಹಾಕಿದಾಗ ನಾನು ಎದೆಯುಬ್ಬಿಸಿ ಹೇಳಿದೆ:

"ನಾನಿದೀನಲ್ಲ ಮಾರಾಯ್ತಿ!"

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಶಶಿ ಮಗಳ ಮದುವೆ ಮುಗಿದ ಮೇಲೆ, ಕೂದಲು ನರೆತ ವಯಸ್ಸಿನಲ್ಲಿ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ್ದಳು. ವಿಷಯ: ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ಗಳಲ್ಲಿ ಕನ್ನಡ, ತಮಿಳು, ತೆಲುಗು ಕಲಸಿ ಮಾತಾಡುವ ಹೆಂಗಸರ ಬೈಗುಳ. ಮುಂದಿನ ವಾರ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಬೇಕು. ಗೈಡು ಖಡಾಖಂಡಿತವಾಗಿ ಹೇಳಿದ್ದರು: "ಸಿದ್ಧಾಂತ ಸಾಕಮ್ಮ. ಜೀವಂತ ಬೈಗುಳ ಎಲ್ಲಿ?"

"ನೀವು ಹೋಗಿ ಏನು ಮಾಡ್ತೀರಿ?" ಎಂದಳು ಶಶಿ ಅನುಮಾನದಿಂದ.

"ಬೈಸಿಕೊಂಡು ಬರ್ತೀನಿ. ಅದೇನು ಮಹಾ!"

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದನ್ನು ಕಲಿತುಕೊಂಡು, ಗೋಪಾಳದ ನಮ್ಮ ಮನೆಯಿಂದ ಭದ್ರಾವತಿಗೆ ಹೊರಟೆ. ಹಳೆಯ ಕ್ವಾರ್ಟರ್ಸಿನ ಬೀದಿ ನಲ್ಲಿಯ ಮುಂದೆ ಕೊಡಗಳು ಸಾಲಾಗಿ ನಿಂತಿದ್ದವು. ಹೆಂಗಸರೂ ಸಾಲಾಗಿ ನಿಂತಿದ್ದರು. ಜಗಳದ ಸುಳಿವೇ ಇಲ್ಲ! ಒಬ್ಬಳು ಇನ್ನೊಬ್ಬಳಿಗೆ "ಮೊದ್ಲು ನೀನು ಹಿಡ್ಕೊ ಅಕ್ಕ" ಎನ್ನುತ್ತಿದ್ದಳು. ಎಂಥ ಅನ್ಯಾಯ!

ಎಲ್ಲರಿಗಿಂತ ಹಿರಿಯಳಂತೆ ಕಂಡ, ದೊಡ್ಡ ಕುಂಕುಮವಿಟ್ಟ ಅಜ್ಜಿಯ ಮುಂದೆ ನಿಂತು ವಿನಯದಿಂದ ನಿವೇದಿಸಿಕೊಂಡೆ. ಆಕೆಯ ಹೆಸರು ಸೆಲ್ವಮ್ಮ.

"ಅಮ್ಮಾ, ತಾವು ಸ್ವಲ್ಪ ಬೈಬೇಕಿತ್ತು."

"ಯಾರ್ನ ಸಾಮಿ?"

"ಯಾರನ್ನಾದ್ರೂ. ನನ್ನನ್ನಾದ್ರೂ ಸರಿ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಸಂಶೋಧನೆ, ಸಂಸ್ಕೃತಿ, ಸಮಾಜ ಎಂದೆಲ್ಲ ವಿವರಿಸಿದೆ. ಸೆಲ್ವಮ್ಮ ನನ್ನ ಹಣೆ ಮುಟ್ಟಿ ನೋಡಿದಳು.

"ಬಿಸ್ಲು ಜಾಸ್ತಿ ಆಗೈತೆ. ಯಾರಾನ ಮಜ್ಜಿಗೆ ತನ್ರೇ!"

ಮಜ್ಜಿಗೆ ಬಂತು. ಕುಡಿದೆ. ಬೈಗುಳ ಬರಲಿಲ್ಲ.

"ಒಂದೇ ಒಂದು ಬೈಗುಳ, ಅಮ್ಮಾ" ಎಂದು ಗೋಗರೆದೆ.

"ಅದೆಂಗೆ ಬರ್ತದೆ? ಬೈಯೋಕೆ ನಮ್ಮೋರು ಆಗಿರ್ಬೇಕಲ್ಲ ಸಾಮಿ. ನೀನು ಯಾರೋ ದೊಡ್ಡೋರ ಮನೆಯೋನು."

ಬೇಡಿದರೆ ಸಿಗದ್ದನ್ನು ಕೆಣಕಿ ಪಡೆಯಬೇಕು ಎಂದು ತೀರ್ಮಾನಿಸಿದೆ. ಸಾಲು ಮುರಿದು ನುಗ್ಗಿ, ನಲ್ಲಿಯ ಕೆಳಗೆ ಕಾಲು ತೊಳೆದೆ. "ತೊಳ್ಕೊಳ್ಳಿ, ತೊಳ್ಕೊಳ್ಳಿ" ಎಂದು ಜಾಗ ಬಿಟ್ಟರು. ಇನ್ನು ಉಳಿದದ್ದು ಒಂದೇ ಅಸ್ತ್ರ. ತುಂಬಿದ ಕೊಡವೊಂದನ್ನು ಗುರಿಯಿಟ್ಟು ಒದ್ದೆ.

ಕೊಡ ಅಲ್ಲಾಡಲಿಲ್ಲ. ನಾನು ಅಲ್ಲಾಡಿದೆ!

ಪಾಚಿಯ ಮೇಲೆ ಜಾರಿ, ಕೆಸರಿನಲ್ಲಿ ಅಂಗಾತ ಬಿದ್ದೆ. ಮೊಬೈಲು ಜೇಬಿನಿಂದ ಹಾರಿ ಯಾರದೋ ಬಕೆಟ್ಟಿಗೆ ಬಿತ್ತು. ಈಗಾದರೂ ಬೈದಾರು ಎಂದು ಮಲಗಿದಲ್ಲೇ ಕಿವಿ ನಿಮಿರಿಸಿದೆ.

"ಅಯ್ಯೋ, ಪಾವಂ!" ಎಂದು ಎಲ್ಲರೂ ಓಡಿ ಬಂದರು.

ಎಬ್ಬಿಸಿದರು. ಸೆಲ್ವಮ್ಮನ ಮನೆಗೆ ನಡೆಸಿಕೊಂಡು ಹೋದರು. ಪ್ಯಾಂಟು ಒಗೆದು ಹಗ್ಗಕ್ಕೆ ಹಾಕಿ, ಆಕೆಯ ಗಂಡನ ಲುಂಗಿ ಉಡಿಸಿದರು. ಬಿಸಿ ಅನ್ನ ಸಾರು ಬಡಿಸಿದರು. ಸಾಕು ಎಂದರೆ ಇನ್ನೊಂದು ಸೌಟು. ಊಟದ ಮಧ್ಯೆ ಸೆಲ್ವಮ್ಮ ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ, ಹೆಂಡತಿಯ ಫೋನ್ ನಂಬರು ಕೇಳಿ ಪಡೆದಳು. ಪ್ಯಾಂಟು ಒಣಗಲಿಲ್ಲ. ಲುಂಗಿಯಲ್ಲೇ ಬಸ್ಸು ಹತ್ತಿದೆ.

ಮನೆ ಮುಟ್ಟಿ, ಶಶಿಯ ಮುಂದೆ ತಲೆ ತಗ್ಗಿಸಿ ನಿಂತೆ.

"ಒಂದೂ ಸಿಗಲಿಲ್ವಾ?"

"ಇಲ್ಲ ಕಣೇ. ಚಕ್ಕುಲಿ ಕೊಟ್ಟಿದಾರೆ."

ಅವಳು ಬೈಯಲಿಲ್ಲ. ಅದರಿಂದಲೇ ಹೆಚ್ಚು ನೋವಾಯಿತು. "ನಿಮಗೆ ಪೆಟ್ಟಾಗಲಿಲ್ಲ ತಾನೆ?" ಎಂದು ನನ್ನ ಮೊಣಕೈ ಸವರಿದಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

"ಏಯ್, ನೀನೇ ಏನೇ ಅವ್ನ ಹೆಂಡ್ತಿ?" ಸೆಲ್ವಮ್ಮನ ದನಿ ಗೋಡೆಗೆ ಬಡಿದು ಬಂತು. "ಅಡಿ ಪಾವೀ! ಅರೆಬೆಂದ ಇಡ್ಲಿ ಥರಾ ಇರೋ ಗಂಡನ್ನ ಬೀದಿಗೆ ಬಿಟ್ಟು ಮನೇಲಿ ಕುಂತಿದೀಯಲ್ಲ! ಪಾಪದ ಪ್ರಾಣಿ, ಬೈಯ್ರಿ ಬೈಯ್ರಿ ಅಂತ ಕೈ ಮುಗೀತದೆ! ಓದಿ ಓದಿ ಕರುಳು ಒಣಗೋಯ್ತಾ ನಿಂಗೆ? ಸಿಗ್ಗು ಲೇದಾ?"

ಬೈಗುಳ ತಮಿಳಿನಲ್ಲಿ ಶುರುವಾಗಿ, ಕನ್ನಡದಲ್ಲಿ ಹರಿದು, ತೆಲುಗಿನಲ್ಲಿ ಮುಗಿದಿತ್ತು! ನಾನು ಫೋನು ಕಸಿದುಕೊಳ್ಳಲು ಹೋದೆ. ಶಶಿ ನನ್ನ ಕೈ ತಳ್ಳಿದಳು. ಅವಳ ಮುಖ ಹಬ್ಬದ ದಿನದಂತೆ ಅರಳಿತ್ತು. ಕೈಗೆ ಪೆನ್ನು ಸಿಕ್ಕಿತು, ಹಾಳೆ ಸಿಗಲಿಲ್ಲ. ಕಾಲಿನ ಪ್ಲಾಸ್ಟರಿನ ಮೇಲೇ ಬರೆಯತೊಡಗಿದಳು.

"ಅಮ್ಮಾ, ಇಡ್ಲಿ ಆದ್ಮೇಲೆ ಏನಂದ್ರಿ? ಇನ್ನೊಂದ್ಸಲ ಹೇಳಿ."

ಆ ಕಡೆಯಿಂದ "ಏನಂದೆ?" ಎಂಬ ಗುಡುಗು. ಆಮೇಲೆ ದುಪ್ಪಟ್ಟು ಮಳೆ. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್ ತುಂಬಿಹೋಯಿತು. ಕೊನೆಗೆ ಶಶಿ ತನ್ನ ಕಾಲಿನ ವಿಷಯ ಹೇಳಿದಳು. ಸೆಲ್ವಮ್ಮನ ದನಿ ಇಳಿಯಿತು.

"ಅಯ್ಯೋ, ಕಾಲು ಮುರ್ಕೊಂಡಿದೀಯಾ ಕಣ್ಣಮ್ಮಾ? ಮೊದ್ಲೇ ಹೇಳ್ಬಾರ್ದಾ ಪೆದ್ದೀ! ಊಟಕ್ಕೇನ್ ಮಾಡ್ತೀಯ?"

"ಪೆದ್ದಿ"ಯನ್ನೂ ಶಶಿ ಬರೆದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡಳು.

ವಿಚಾರ ಸಂಕಿರಣಕ್ಕೆ ಸೆಲ್ವಮ್ಮನನ್ನೂ ಕರೆದಿದ್ದೆವು. ಆಕೆ ರೇಷ್ಮೆ ಸೀರೆಯುಟ್ಟು, ನನ್ನ ಪ್ಯಾಂಟನ್ನು ಮಡಿಚಿ ಚೀಲದಲ್ಲಿ ತಂದು, ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು. ವೇದಿಕೆಯ ಮೇಲೆ ಕಾಲು ನೀಡಿ ಕೂತ ಶಶಿ ಸೊಗಸಾಗಿ ಪ್ರಬಂಧ ಓದಿದಳು. ಸಭೆ ಚಪ್ಪಾಳೆ ತಟ್ಟಿತು. ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು ಗಂಭೀರವಾಗಿ ಕೇಳಿದರು:

"ಮೇಡಂ, 'ಅರೆಬೆಂದ ಇಡ್ಲಿ' ಅನ್ನೋ ಪ್ರಯೋಗ ಬಹಳ ಅಪರೂಪದ್ದು. ಇದು ಹುಟ್ಟಿದ ಸಂದರ್ಭ ಯಾವುದು?"

ಶಶಿ ಮೈಕಿಗೆ ಬಾಗಿದಳು. "ಸಂದರ್ಭ ಹಿಂದಿನ ಸಾಲಿನಲ್ಲಿ ಕೂತಿದೆ ಸರ್."

ಇಡೀ ಸಭೆ ತಿರುಗಿ ನೋಡಿತು. ಸೆಲ್ವಮ್ಮ ನನ್ನ ಪಕ್ಕೆಗೆ ತಿವಿದಳು. "ಎದ್ದು ನಿಂತ್ಕೊಳೋ, ನಿನ್ನೇ ತೋರಿಸ್ತವ್ಳೆ!"

ಸಂದರ್ಭ ಎದ್ದು ನಿಂತು ಸಭೆಗೆ ಕೈ ಮುಗಿಯಿತು.