ಚೀನಾದ ವೀರನಿಗೆ ಸಿಕ್ಕ ರಜೆ

ನೈರೋಬಿಯಲ್ಲಿ ನನ್ನ ಮರ್ಯಾದೆ ವಾರಕ್ಕೊಂದು ಸಲ ಹೋಗುತ್ತಲೇ ಇತ್ತು. ಚೀನಾದವನೊಬ್ಬ ಬಂದು ತೆಗೆದದ್ದು ಮಾತ್ರ ಒಂದೇ ಸಲ.

೧. ಔಷಧಿ

ಊರಲ್ಲಿ ಅತ್ತೆ ಹಾಸಿಗೆ ಹಿಡಿದಾಗ ಹೆಂಡತಿ, "ರೀ, ಹೋಗಿ ಬರೋಣ" ಅಂದಳು. ಬ್ಯಾಂಕಿನ ಸಾಫ್ಟ್‌ವೇರ್ ಪ್ರಾಜೆಕ್ಟ್ ಕುತ್ತಿಗೆಗೆ ಬಂದಿತ್ತು. ಈಗ ರಜೆ ಕೇಳಿದರೆ ಮ್ಯಾನೇಜರ್ ತಿಂದೇಹಾಕ್ತಾರೆ, ಮುಂದಿನ ವಾರ ನೋಡೋಣ ಅಂದೆ. ಒಬ್ಬಳೇ ಹೊರಟವಳನ್ನೂ ತಡೆದೆ. ಹೀಗೆ ಮೂರು ವಾರ. ಅತ್ತೆ ಕಾಯಲಿಲ್ಲ. ಅಮ್ಮನ ಮುಖವನ್ನು ಅವಳು ಕೊನೇ ಸಲ ನೋಡಿದ್ದು ವೀಡಿಯೊ ಕಾಲ್‌ನಲ್ಲಿ.

ಆಮೇಲೆ ನೈರೋಬಿಯ ಪಂಗಾನಿ ಬಡಾವಣೆಯ ನಮ್ಮ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಕುಕ್ಕರ್ ಒಂದೇ. ಇದನ್ನು ನೋಡಲಾರದೆ ನಮ್ಮ ಮನೆಯ ಕೆಲಸದಾಕೆ, ನೈರೋಬಿಯವಳೇ, ಒಂದು ಭಾನುವಾರ ಹಳೇ ಕಾಲದ ಕಥೆಯ ಚೀನೀ ಕುಂಗ್‌ಫು ಸಿನಿಮಾದ ಡಿಸ್ಕ್ ತಂದಳು.

"ದುಃಖಕ್ಕೆ ಇದು ಬಹಳ ಒಳ್ಳೇದು, ಬಾಸ್."

"ಏನಿದೆ ಇದರಲ್ಲಿ?"

"ನಲವತ್ತು ಜನ ಸಾಯ್ತಾರೆ."

೨. ಮಟಾಟು

ನಟರ ಮಾತು ಚೀನೀ ಭಾಷೆ. ಅದರ ಮೇಲೆ ನೈರೋಬಿಯವನೊಬ್ಬ ಸ್ವಾಹಿಲಿಯಲ್ಲಿ ಕ್ರಿಕೆಟ್ ಕಾಮೆಂಟರಿ ಥರ ಕಿರುಚುತ್ತಿದ್ದ. ಇಲ್ಲಿನವರು ಇಂಥ ಸಿನಿಮಾ ನೋಡುವುದೇ ಹಾಗಂತೆ. ಕೆಲಸದಾಕೆ ಅದನ್ನು ನಮಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಹೆಂಡತಿ ಗೋಡೆ ನೋಡುತ್ತಿದ್ದಳು.

ವೀರ ಓಡಿಬಂದು ಕುದುರೆ ಹತ್ತಿದ.

"ಎಂಬಕಸಿಗೆ ಹೋಗೋ ಮಟಾಟು ತಪ್ಪಿಹೋಯ್ತಂತೆ, ಪಾಪ" ಅಂದಳು ಕೆಲಸದಾಕೆ.

"ಅಯ್ಯೋ, ಆ ಕಾಲದ ಚೀನಾದಲ್ಲಿ ನಮ್ಮ ನೈರೋಬಿಯ ಮಟಾಟು ವ್ಯಾನ್ ಎಲ್ಲಿತ್ತಮ್ಮ?"

"ಅದಕ್ಕೇ ಬಾಸ್, ಕುದುರೆ ಹತ್ತಿದ್ದು!"

೩. ಹತ್ತು ಬಾಣ

ಕೊನೆಯಲ್ಲಿ ವೀರನ ಎದೆಗೆ ಹತ್ತು ಬಾಣ ನಾಟಿದವು. ಧೊಪ್ಪನೆ ಬಿದ್ದ. ಸತ್ತ ಅಂದರೆ ನೋಡುವವರು ಬೇಜಾರಾಗುತ್ತಾರೆ ಅಂತಲೋ ಏನೋ, ಕಾಮೆಂಟರಿಯವನು ಹೊಸ ಕಥೆ ಕಟ್ಟಿದ.

"ಸತ್ತಿಲ್ಲ, ಸುಸ್ತಷ್ಟೇ" ಅಂದಳು ಕೆಲಸದಾಕೆ. "ಊರಿಗೆ ಹೋಗಿ ಅಮ್ಮನ್ನ ನೋಡ್ಬೇಕು ಅಂತ ರಾಜನ ಹತ್ತಿರ ರಜೆ ಕೇಳಿದ. ರಾಜ ಕೊಟ್ಟ."

ಹೆಂಡತಿ ಮೆಲ್ಲಗೆ ನನ್ನ ಕಡೆ ತಿರುಗಿದಳು.

"ನೋಡಿದ್ರಾ? ಹತ್ತು ಬಾಣ ತಿಂದವನಿಗೂ ರಜೆ ಕೇಳೋಕೆ ಬಾಯಿ ಬಂತು."

ಅಂದವಳೇ ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು. ನಗುತ್ತಾ ನಗುತ್ತಾ ಜೋರಾಗಿ ಅತ್ತುಬಿಟ್ಟಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಮುಂದೆ ನಿಂತೆ. ಹದಿನೈದು ದಿನ ರಜೆ ಬೇಕು, ಹೆಂಡತಿಯನ್ನು ಊರಿಗೆ ಕರ್ಕೊಂಡು ಹೋಗ್ಬೇಕು ಅಂದೆ. ಅವರು ಲ್ಯಾಪ್‌ಟಾಪಿನಿಂದ ತಲೆಯನ್ನೂ ಎತ್ತಲಿಲ್ಲ.

"ಧಾರಾಳವಾಗಿ ಹೋಗ್ಬನ್ನಿ. ಅಲ್ಲ ಮಾರಾಯ್ರೇ, ಇದನ್ನ ಮುಂಚೇನೇ ಕೇಳಬಾರದಿತ್ತಾ?"

ಈ ಮಾತನ್ನು ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ಸಾಯೋ ನಲವತ್ತೊಂದನೆಯವನು ನಾನೇ.