ಕೋಟು ಇದ್ದಲ್ಲೇ ನಮ್ಮ ಹೊಲ

ನಮ್ಮ ಮನ್ಯಾಗ ಯಾವ ಕೆಲಸಾನೂ ನೆಟ್ಟಗ ನಡದದ್ದು ನಾ ಕಂಡಿಲ್ಲ. ಹಾಲು ತರಾಕ ಹೋದವರು ಎಮ್ಮಿ ರೇಟು ಕೇಳ್ಕೊಂಡು ಬರಿಗೈಲೆ ಬರ್ತಾರ. ಬಾಗಲಾ ರಿಪೇರಿ ಮಾಡಾಕ ಬಂದ ಬಡಿಗ್ಯಾ ಚಹಾ ಕುಡದು ಕಿಡಕಿ ಬಿಚ್ಚಿಟ್ಟು ಹೋಗ್ತಾನ. ಇಂಥಾ ಮಂದಿ ಹೊಲ ತಗೋತೀವಿ ಅಂತ ಹೊಂಟ್ರ ಏನೇನ ಆಗಬಾರ್ದು, ನೀವ ಹೇಳ್ರಿ.

ನಾವಿದ್ದದ್ದು ಬೆಟಗೇರಿಯೊಳಗ. ನಮ್ಮ ಮನಿಯವರು ಸಾಲ್ಯಾಗ ಡ್ರಾಯಿಂಗ್ ಮಾಸ್ತರು. ಎಪ್ಪತ್ತರ ದಶಕ ಮುಗಿಯಾಕ ಬಂದಿತ್ತು. ಗದಗ-ಬೆಟಗೇರಿ ನಾಕೂ ಕಡೆ ಬೆಳ್ಯಾಕತ್ತಿತ್ತು, ಸ್ಕೂಟರ್ ಇದ್ದವರೆಲ್ಲಾ "ಹೋಗಿ ಬರೂವಷ್ಟು ದೂರದಾಗ ಒಂದು ಹೊಲ ಹಿಡೀಬೇಕ್ರಿ" ಅಂತ ಮಾತಾಡಾವ್ರು. ಆದ್ರ ನಮ್ಮ ಮನಿಗೆ ಈ ಹುಚ್ಚು ಹತ್ತಿದ್ದು ಸ್ಕೂಟರಿನಿಂದಲ್ಲ, ನಮ್ಮ ಅತ್ತಿಯಿಂದ.

ಅತ್ತಿ ಕುರ್ತಕೋಟಿ ರೈತರ ಮನಿ ಮಗಳು. ಲಗ್ನಾಗಿ ಬಂದದ್ದು ಕಾರಕೂನನ ಮನಿಗೆ. ಎಳ್ಳಮವಾಸಿ ದಿನ ಹೊಲಕ್ಕ ಹೋಗಿ, ಕಲ್ಲಿನ ಪಾಂಡವರನ್ನ ಪೂಜಿ ಮಾಡಿ, ನಿಂತ ಬೆಳಿಗೆ ಅಡಗಿ ಎಡಿ ಆಗಿ ಎರಚಿ, ಅಂದ್ರ ಚರಗ ಚೆಲ್ಲಿ, ಬಂದವರಿಗೆಲ್ಲಾ ಉಣಿಸಿ ತಾವೂ ಉಂಡು ಬರೂದು ನಮ್ಮ ಕಡೆ ಪದ್ಧತಿ. ಬೆಳಿ ಬೆಳಿಯೋ ಸ್ವಂತ ಹೊಲ ಇಲ್ಲದ ಅತ್ತಿ ಪ್ರತಿ ವರ್ಷ ತಮ್ಮನ ಹೊಲಕ್ಕ ಹೋಗಾವ್ರು. ಅಲ್ಲಿ ತಮ್ಮನ ಹೆಂಡ್ತಿ ರೊಟ್ಟಿ ನೀಡಿಕೋಂತ ಪ್ರತಿ ವರ್ಷ ಒಂದ ಮಾತು: "ಉಣ್ರಿ ಅಕ್ಕಾರ, ಹೊಟ್ಟಿ ತುಂಬ ಉಣ್ರಿ. ಪಾಪ, ನಿಮಗೇನ ಹೊಲ ಐತೇನು?"

ಒಂದು ವರ್ಷ ಅತ್ತಿ ಕೈಯಾಗಿನ ರೊಟ್ಟಿ ಹಂಗ ಬುಟ್ಟ್ಯಾಗ ಒಗದು ಎದ್ರು. "ಇನ್ನ ಮಂದಿ ಹೊಲದಾಗ ಚರಗದ ಊಟ ಉಂಡ್ರ ನಾ ನಮ್ಮಪ್ಪನ ಮಗಳಲ್ಲ" ಅಂದ್ರು. ಮನಿಗೆ ಬಂದು ಮಗನ ಮುಂದ ಕುಂತು ಅತ್ರು. ಅವತ್ತಿನಿಂದ ನಮ್ಮ ಹುಡುಕಾಟ ಶುರು ಆತು.

ರೈತರಲ್ಲದವರು ಹೊಲ ತಗೊಳ್ಳಾಂಗಿಲ್ಲ ಅಂತ ಕಾಯ್ದೆ. ಪುಣ್ಯಾಕ್ಕ ನಮ್ಮ ಮಾವನವರ ಪಾಲಿಗೆ ಶಿರಹಟ್ಟಿ ಕಡೆ ಗುಡ್ಡದಾಗ ಒಂದು ತುಂಡು ಬಂದಿತ್ತು. ಅದರಾಗ ಕಲ್ಲು ಬಿಟ್ರ ಮತ್ತೇನೂ ಹುಟ್ಟತಿರಲಿಲ್ಲ, ಚರಗ ಚೆಲ್ಲಿದ್ರ ತಿನ್ನಾಕ ಓತಿಕ್ಯಾತನೂ ಇರಲಿಲ್ಲ. ಆದ್ರೂ ಸರ್ಕಾರದ ಲೆಕ್ಕದಾಗ ನಾವು ರೈತರು.

ಒಂದು ಬೀಡಿ ದೂರ

ಹೊಲ ತೋರಸಾಕ ಒಬ್ಬ ದಲ್ಲಾಳಿ ಸಿಕ್ಕ. ಮದಲ ಅಂವ ದನದ ಸಂತ್ಯಾಗ ಎತ್ತಿನ ದಲ್ಲಾಳಿ. ಹೊಲಕ್ಕ ರೇಟು ಬಂದ ಮ್ಯಾಲ ಈ ಕಡೆ ಹೊಳ್ಳಿದ್ದ, ಆದ್ರ ಮಾತು ಮಾತ್ರ ಹೊಳ್ಳಿರಲಿಲ್ಲ. ಯಾವ ಹೊಲ ತೋರಿಸಿದ್ರೂ "ಭಾಳ ಶಾಂತ ಐತ್ರಿ ಮಾಸ್ತರ, ಹಾಯೂದಿಲ್ಲ, ಒದಿಯೂದಿಲ್ಲ" ಅಂತಿದ್ದ.

ಮದಲನೇ ಹೊಲ ಲಕ್ಷ್ಮೇಶ್ವರ ಕಡೆ. "ಬಸ್ಸು ಇಳದ್ರ ಒಂದು ಬೀಡಿ ಸೇದೂವಷ್ಟು ದೂರ" ಅಂದ. ಅತ್ತಿನೂ ಹೊಂಟ್ರು, ನಾನೂ ಹೊಂಟೆ. ಬಸ್ಸು ಇಳದ ಕೂಡ್ಲೆ ದಲ್ಲಾಳಿ ಬೀಡಿ ಹಚ್ಚಿದ. ಎರಡು ಝುರಕಿ ಎಳದು, ಅದನ್ನ ಆರಿಸಿ, ಕಿವ್ಯಾಗ ಸಿಗಿಸ್ಕೊಂಡು ನಡಿಯಾಕ ಹತ್ತಿದ. ಒಂದು ಹಳ್ಳ ದಾಟಿದ್ವಿ. ಮತ್ತ ಹಚ್ಚಿದ, ಮತ್ತ ಎರಡು ಝುರಕಿ, ಮತ್ತ ಕಿವ್ಯಾಗ. ಬಿಸಿಲು ನೆತ್ತಿಗೆ ಬಂತು. ಅತ್ತಿ ಚಪ್ಪಲಿ ಉಂಗುಟಾ ಕಿತ್ತು ಹೋತು. ನಮ್ಮ ಮನಿಯವರು ಛತ್ರಿ ಮಡಿಚಿ ಊರುಗೋಲು ಮಾಡ್ಕೊಂಡ್ರು.

ಕಡೀಕ ಅತ್ತಿ ಹಾದ್ಯಾಗ ಕುಂತಬಿಟ್ರು. "ಏ ನಿನ್ನ ಬಾಯಾಗ ಮಣ್ಣ ಹಾಕಲಿ, ಒಂದು ಬೀಡಿ ದೂರ ಅಂದಿದ್ದೆಲ್ಲೋ!"

ಅಂವಗ ಖರೇನ ಬ್ಯಾಸರ ಆತು. ಕಿವ್ಯಾಗಿನ ಮೋಟು ಬೀಡಿ ತಗದು ಅತ್ತಿ ಮುಂದ ಹಿಡದು, "ನೀವ ನೋಡ್ರಿ ಅವ್ವಾರ, ಇನ್ನೂ ಅರ್ಧಾ ಉಳದೈತಿ" ಅಂದ.

ನೀರಿನ ಅನುಕೂಲ

ಮುಂದಿನ ಹೊಲ ಮುಂಡರಗಿ ದಾಟಿ, ಸಿಂಗಟಾಲೂರು ಕಡೆ, ಹೊಳಿ ದಂಡಿಗೆ. "ನೀರಿನ ಅನುಕೂಲ ಅಂದ್ರ ಅದಕ್ಕ ಅನ್ನಬೇಕ್ರಿ" ಅಂದಿದ್ದ ದಲ್ಲಾಳಿ. ನಾವು ಹೋದದ್ದು ಶ್ರಾವಣದಾಗ. ದಂಡಿಗೆ ನಿಂತು ನೋಡಿದ್ರ ಎಲ್ಲಿ ನೋಡಿದ್ರೂ ಕೆಂಪನ್ನ ನೀರು. ಹೊಲದ ಸುದ್ದೀನ ಇಲ್ಲ.

"ಹೊಲ ಎಲ್ಲೈತೋ?" ಅಂದ್ರು ನಮ್ಮ ಮನಿಯವರು.

"ಅಗಾ, ಎಮ್ಮಿ ಈಸಾಕತ್ತೈತಲ್ರೀ, ಅದು ಈಗ ನಿಮ್ಮ ಬದುವಿನ ಮ್ಯಾಲ ಐತಿ ನೋಡ್ರಿ."

ಅತ್ತಿ ಹಣಿಗೆ ಕೈ ಹಚ್ಚಿ ನೋಡಿದ್ರು. "ಎಮ್ಮಿ ಮುಂದ ಮುಂದ ಹೊಂಟತಲ್ಲೋ."

ದಲ್ಲಾಳಿ ಒಂದು ಕ್ಷಣಾನೂ ತಡೀಲಿಲ್ಲ. "ಮತ್ತ ಹೊಲ ದೊಡ್ಡದೈತಿ ಅಂತ ನಾ ಹೇಳಿದ್ದಿಲ್ಲೇನ್ರಿ ಅವ್ವಾರ!"

ತಲಿ ತೊಳಕೊಂಡ ಹೊಲ

ಇಷ್ಟಾದ ಮ್ಯಾಲ ನಮ್ಮ ಮನಿಯವರು ಶಾಸ್ತ್ರಶುದ್ಧ ಆಗಿ ಹೊಂಟ್ರು. ಹೊಳಿ ಇಳದ ಮ್ಯಾಲ ಮುಂಡರಗಿ ಹೊಲ, ಆಮ್ಯಾಲ ನೋಡಿದ ಕಳಸಾಪುರದ ಹೊಲ, ಹಿಂಗ ನೋಡಿದ ಹೊಲದಿಂದೆಲ್ಲಾ ಒಂದೊಂದು ಹೆಂಟಿ ಮಣ್ಣು ತಂದು, ಊರಿನ ಹೆಸರು ಬರದ ಚೀಟಿ ಹಚ್ಚಿ, ಡಬ್ಬ್ಯಾಗಿಟ್ಟು, ಬಚ್ಚಲದ ಕಟ್ಟಿ ಮ್ಯಾಲ ಸಾಲಾಗಿ ಜೋಡಿಸಿದ್ರು. ತಿಳದವರನ್ನ ಕರಸಿ ತೋರಸೋ ವಿಚಾರ ಅವರದು.

ಬಚ್ಚಲದಾಗ ಕರೀ ಎರಿ ಮಣ್ಣು ಇಟ್ರ ಹೆಂಗಸರು ಏನು ತಿಳಕೋಬೇಕು? ನಮ್ಮ ಕಡೆ ಎರಿ ಮಣ್ಣು ನೆನಸಿ ತಲಿ ತೊಳಕೊಳ್ಳೋದು ಯಾರಿಗೆ ಗೊತ್ತಿಲ್ಲ? ಮದಲ ಅತ್ತಿ ತೊಳಕೊಂಡ್ರು. ಆಮ್ಯಾಲ ನಾನು. ಮಣ್ಣು ಮೆತ್ತಗ ಐತಿ ಅಂತ ಖಬರ ಹಬ್ಬಿ ಓಣಿ ಹೆಂಗಸರೆಲ್ಲಾ ವಾಟಗ ಹಿಡಕೊಂಡು ಬಂದ್ರು. ಐತವಾರ ನಮ್ಮ ಮನಿಯವರು ಮಣ್ಣು ಪರೀಕ್ಷಾ ಮಾಡಸಾಕ ಯಾರನ್ನೋ ಕರಕೊಂಡು ಬಂದು ನೋಡ್ತಾರ, ಡಬ್ಬಿ ತೊಳದು ಬೋರಲ ಹಾಕೈತಿ.

"ನನ್ನ ಹೊಲ ಎಲ್ಲಿ ಹೋದುವು?" ಅಂತ ಒದರಿದ್ರು.

ಅಷ್ಟರಾಗ ಬಾಜೂಮನಿ ಅಜ್ಜಿ ಕೂದಲಾ ಹರವಿಕೊಂಡು ಹಿತ್ತಲದಾಗ ಬಂದು ನಿಂತ್ಳು. "ಮಾಸ್ತರ, ಆ ಮುಂಡರಗಿ ಹೊಲ ಬ್ಯಾಡ್ರಿ, ಕೂದಲಾ ಉದರ್ತಾವ. ಕಳಸಾಪುರದ್ದು ತಗೋರಿ, ಸಿಕ್ಕು ಹೆಂಗ ಬಿಡತೈತಿ ಅಂತೀರಿ!"

ವಲ್ಲಿ ಕೆಳಗಿನ ವ್ಯವಹಾರ

ಹಂಗ ಕಳಸಾಪುರದ ಹೊಲ ಗಟ್ಟಿ ಆತು. ಮಾರಾವ ಒಬ್ಬ ವಯಸ್ಸಾದ ರೈತ, ದಪ್ಪ ಮೀಸಿ, ನಗೂದು ಗೊತ್ತಿಲ್ಲದ ಮಾರಿ. ರೇಟಿನ ಮಾತು ಬಂದ ಕೂಡ್ಲೆ ದಲ್ಲಾಳಿ ಹೆಗಲ ಮ್ಯಾಲಿನ ವಲ್ಲಿ ತಗದ. ದನದ ಸಂತ್ಯಾಗ ರೇಟು ಬಾಯಿಬಿಟ್ಟು ಹೇಳೂದಿಲ್ಲ, ವಲ್ಲಿ ಕೆಳಗ ಒಬ್ಬರ ಬೆರಳು ಒಬ್ಬರು ಹಿಡದು ತಿಳಸ್ತಾರ.

"ಎತ್ತಿಗೇ ಇಷ್ಟು ಮರ್ಯಾದಿ ಇದ್ರ ಹೊಲಕ್ಕ ಬ್ಯಾಡೇನ್ರಿ?" ಅಂದು ರೈತನ ಕೈ, ನಮ್ಮ ಮನಿಯವರ ಕೈ ಕೂಡಿಸಿ ಮ್ಯಾಲ ವಲ್ಲಿ ಹೊಚ್ಚಿಬಿಟ್ಟ.

ನಮ್ಮ ಮನಿಯವರಿಗೆ ಅಂಗೈ ಮುಟ್ಟಿದ್ರ ಕಚಗುಳಿ. ನಮ್ಮ ಲಗ್ನದಾಗ ಧಾರಿ ಎರಿಯೋ ಮುಂದನೂ ಕಿಸಕ್ ಅಂತ ನಕ್ಕು ಎಲ್ಲಾರ ಕಡೆ ಬೈಸಿಕೊಂಡವರು.

ರೈತ ಗಂಭೀರ ಆಗಿ ಬೆರಳು ಹಿಡದ. ಇವರು "ಹಿಹಿಹಿ" ಅಂದ್ರು. ರೈತನ ಮಾರಿ ಕೆಂಪಾತು, ತನ್ನ ರೇಟಿಗೆ ನಗಾಕತ್ತಾರ ಅಂತ ತಿಳದ. ಸ್ವಲ್ಪ ಇಳಿಸಿ ಬ್ಯಾರೆ ಬೆರಳು ಹಿಡದ. ಇವರಿಗೆ ಇನ್ನೂ ಜೋರು ನಗಿ. ಮತ್ತ ಇಳಿಸಿದ. ಇವರು ಕಣ್ಣಾಗ ನೀರು ಹಾಕ್ಕೊಂಡು, ಹೊಟ್ಟಿ ಹಿಡ್ಕೊಂಡು, ಕಂಬಳಿ ಮ್ಯಾಲ ವಾಲಿದ್ರು.

ರೈತ ವಲ್ಲಿ ಕಿತ್ತು ಒಗದ. "ಸಾಕ್ರಿ ಮಾಸ್ತರ, ಇದಕಿಂತ ಕೆಳಗ ಇಳ್ಯಾಂಗಿಲ್ಲ. ಜಗಳಾ ಮಾಡಿ ಇಳಿಸಾವ್ರನ್ನ ನೋಡೇನಿ, ಅತ್ತು ಇಳಿಸಾವ್ರನ್ನ ನೋಡೇನಿ. ನಕ್ಕೋಂತ ಸುಲಿಯಾವ್ರನ್ನ ಇವತ್ತ ನೋಡಿದೆ!"

ಎಲೆ-ಅಡಿಕಿ ಹಂಚಿದ್ರು, ಅತ್ತಿ ಕೈ ಮುಗದ್ರು, ಎಲ್ಲಾ ಆತು. ವಾಪಸ್ ಬರೋ ಮುಂದ ನಮ್ಮ ಮನಿಯವರು ಅತ್ತೀನ ಮುಂದ ಬಿಟ್ಟು ಮೆಲ್ಲಕ ನನ್ನ ಕೇಳಿದ್ರು: "ಎಷ್ಟಕ್ಕ ಮುಗೀತದು?"

ಕೋಟು

ಹೊಲ ನಮ್ಮದಾತು, ಜ್ವಾಳಾ ಬಿತ್ತಿಸಿದ್ವಿ. ಆದ್ರ ಗುರುತು ಸಿಗವಲ್ದು. ಸುತ್ತ ಎಲ್ಲಾ ಹೊಲಾನೂ ಒಂದ ನಮೂನಿ, ಎಲ್ಲಾರದೂ ಜ್ವಾಳಾನ. ಒಂದು ಸಲ ನಮ್ಮ ಮನಿಯವರು ಅರ್ಧಾ ದಿನ ಮಂದಿ ಹೊಲದಾಗ ಕಸಾ ಕಿತ್ತು ಬಂದ್ರು.

ಅದಕ್ಕ ಉಪಾಯ ಹುಡುಕಿದ್ರು. ತಮ್ಮ ಹಳೇ ಸಾಲಿ ಕೋಟು, ಚೌಕಳಿದು, ಒಂದು ಬೆದರು ಗೊಂಬಿಗೆ ಹಾಕಿ, ತಲಿಗೆ ಗಡಗಿ ಬೋರಲ ಹೊದಿಸಿ, ಮೀಸಿ ಕಣ್ಣು ತಾವ ಕೈಯಾರೆ ಬರದು ಹೊಲದ ನಡಕ ನಿಲ್ಲಿಸಿದ್ರು. "ಇನ್ನ ಹಕ್ಕಿನೂ ಬರೂದಿಲ್ಲ, ಗುರುತೂ ತಪ್ಪೂದಿಲ್ಲ. ಕೋಟು ಇದ್ದಲ್ಲೇ ನಮ್ಮ ಹೊಲ" ಅಂದ್ರು. ಆ ಕೋಟು ಕಂಡ್ರ ಸಾಲಿ ಹುಡುಗೂರ ಓಡತಿದ್ದರು, ಹಕ್ಕಿ ಯಾವ ಲೆಕ್ಕ?

ಚರಗ

ಎಳ್ಳಮವಾಸಿ ಬಂತು. ಅತ್ತಿ ಎರಡು ದಿನ ಮದಲ ಒಲಿ ಮುಂದ ಕುಂತ್ರು. ಶೇಂಗಾ ಹೋಳಿಗಿ, ಎಳ್ಳ ಹೋಳಿಗಿ, ಕಡಬು, ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ. ಊರಿಗೆ ಊರ ಉಣ್ಣೂವಷ್ಟು. ಕುರ್ತಕೋಟಿಗೆ ಖುದ್ದ ಹೋಗಿ ತಮ್ಮನ್ನೂ ತಮ್ಮನ ಹೆಂಡ್ತೀನೂ ಕರದು ಬಂದ್ರು. "ನನ್ನ ಹೊಲಕ್ಕ ಬರ್ರಿ" ಅನ್ನೋ ಮುಂದ ಅವರ ಮಾರಿ ಮ್ಯಾಲಿನ ಕಳಾ ನೋಡಿ ನನ್ನ ಕಣ್ಣಾಗೂ ನೀರು ಬಂದುವು.

ಚಕ್ಕಡ್ಯಾಗ ಹೋದ್ವಿ. ಜ್ವಾಳಾ ಆಳೆತ್ತರ ನಿಂತಿತ್ತು. "ಅಗಾ ನಮ್ಮ ಕೋಟು!" ಅಂದ್ರು ನಮ್ಮ ಮನಿಯವರು. ಅಲ್ಲೇ ಇಳದ್ವಿ. ಪಾಂಡವರನ್ನ ಕುಂಡ್ರಿಸಿದ್ವಿ, ಪೂಜಿ ಮಾಡಿದ್ವಿ, ಹೊಲದ ತುಂಬ ಕೂಗಿಕೋಂತ ಓಡಾಡಿ ಚರಗ ಚೆಲ್ಲಿದ್ವಿ. ಅತ್ತಿ ಧ್ವನಿ ಮೂರು ಹೊಲದಾಚಿಗೆ ಕೇಳೂವಂಗಿತ್ತು.

ಊಟಕ್ಕ ಕುಂಡ್ರಬೇಕು, ಅಷ್ಟರಾಗ ಬುಟ್ಟಿ ಹೊತ್ತುಕೊಂಡು ಒಬ್ಬ ರೈತ, ಅವನ ಹೆಂಡ್ತಿ ಬದುವಿನ ಮ್ಯಾಲ ಬಂದು ನಿಂತ್ರು. ರೈತ ನಮ್ಮನ್ನ ನೋಡಿದ, ಕೋಟು ನೋಡಿದ, ಮತ್ತ ನಮ್ಮನ್ನ ನೋಡಿದ.

"ಬರ್ರಿ ಬರ್ರಿ, ಬಾಜೂ ಹೊಲದವರೇನು?" ಅಂದ್ರು ಅತ್ತಿ. "ನಮ್ಮ ಹೊಲಕ್ಕ ಬಂದು ಹಂಗ ಹೋಗಬಾರ್ದು. ಕುಂಡ್ರಿ, ಉಂಡ ಹೋಗ್ರಿ."

ರೈತನ ಹೆಂಡ್ತಿ ಏನೋ ಹೇಳಾಕ ಬಾಯಿ ತಗದ್ಳು. ಅಂವ ಮೊಳಕೈಲೆ ತಿವಿದು ಕುಂಡ್ರಿಸಿದ. ಇಬ್ಬರೂ ತಲಿ ತಗ್ಗಿಸಿ ಉಂಡ್ರು. ಅತ್ತಿ ಒಂದೊಂದು ಹೋಳಿಗಿ ನೀಡೋ ಮುಂದನೂ ತಮ್ಮನ ಹೆಂಡ್ತಿ ಕಡೆ ನೋಡಿ "ನಮ್ಮ ಹೊಲ", "ನಮ್ಮ ಹೊಲ" ಅಂತಿದ್ರು. ಆಕಿ ಅವತ್ತ ಮೂಕಿ ಆಗಿದ್ಳು.

ಊಟ ಮುಗದ ಮ್ಯಾಲ ಅತ್ತಿ ರೈತನ್ನ ಕೇಳಿದ್ರು: "ಹೆಂಗೈತ್ರಿ ನಮ್ಮ ಹೊಲ?"

"ಛಲೋ ಐತ್ರಿ ಅವ್ವಾರ. ನಮ್ಮಪ್ಪನೂ ಹಂಗ ಅಂತಿದ್ದ."

"ನಿಮ್ಮಪ್ಪಗೂ ಈ ಹೊಲ ಗೊತ್ತಿತ್ತು?"

"ಗೊತ್ತಿರದ ಏನ್ರಿ, ಇದನ್ನ ಕೊಂಡಾವ ಅವನ."

ರೈತ ಎದ್ದು ಕೈ ಮುಗದ. "ತಪ್ಪಾತ್ರಿ ಮಾಸ್ತರ. ಹಕ್ಕಿ ಕಾಟ ಭಾಳ ಇತ್ತು. ನಿಮ್ಮ ಕೋಟಿಗೆ ಅವು ಹಂಗ ಅಂಜತಿದ್ವು ನೋಡ್ರಿ, ಆಶಾ ಆತು. ನಾಕ ದಿನಕ್ಕಂತ ಗೊಂಬಿ ಕಿತ್ತು ತಂದಿದ್ದೆ. ಹೊಲ ನಂದು ಅಂತ ಮದಲ ಹೇಳಿದ್ರ ಕೋಟು ಇಲ್ಲಿಗೆ ಹೆಂಗ ಬಂತು ಅಂತೀರಿ ಅಂತ ಅಂಜಿ ಉಂಡಬಿಟ್ಟೆ. ನಿಮ್ಮ ಹೊಲ ಆ ಬದು ದಾಟಿದ್ರ ಐತ್ರಿ."

ತಮ್ಮನ ಹೆಂಡ್ತಿಗೆ ಆಗ ಬಾಯಿ ಬಂತು. "ಅಯ್ಯ ಶಿವನ! ಅಕ್ಕಾರ, ಈ ವರ್ಷನೂ ಮಂದಿ ಹೊಲದಾಗ ಉಂಡ್ರೇನ್ರಿ!" ಅಂತ ಬಿದ್ದು ಬಿದ್ದು ನಕ್ಕಳು.

ಅತ್ತಿ ಮಾರಿ ಸಣ್ಣದಾತು. ಸೆರಗು ಬಾಯಿಗೆ ಹಚ್ಚಿ ಕುಂತ್ರು. ನನಗ ಆ ಕೋಟು ಸುಟ್ಟುಬಿಡಬೇಕು ಅನಸ್ತು. ಆಮ್ಯಾಲ ಅತ್ತಿ ಬುಟ್ಟಿ ಕಡೆ ನೋಡಿದ್ರು. ಇನ್ನೂ ಅರ್ಧಾ ಬುಟ್ಟಿ ಅಡಗಿ ಉಳದಿತ್ತು. ಸೆರಗು ಸಿಗಿಸ್ಕೊಂಡು ಎದ್ದು ನಿಂತ್ರು.

"ಏಳ್ರಿ ಎಲ್ಲಾರೂ. ಇದು ಇವರ ಹೊಲದ ಊಟ ಆತು. ನನ್ನ ಹೊಲದ ಊಟ ಇನ್ನೂ ಆಗಿಲ್ಲ."

ರೈತ ಗೊಂಬಿ ಕಿತ್ತು ಹೆಗಲಿಗೇರಿಸಿದ. ಮುಂದ ಕೋಟು, ಹಿಂದ ನಾವು. ಬದು ದಾಟಿ ನಮ್ಮ ಹೊಲಕ್ಕ ಹೋಗಿ ಮತ್ತ ಪಾಂಡವರು, ಮತ್ತ ಪೂಜಿ, ಮತ್ತ ಚರಗ. ರೈತನ ಹೆಂಡ್ತಿ ತನ್ನ ಬುಟ್ಟಿನೂ ಬಿಚ್ಚಿದ್ಳು. ಎಳ್ಳಮವಾಸಿ ದಿನ ಹೊಲದಾಗ ನೀಡಿದ್ದನ್ನ ಒಲ್ಲೆ ಅನ್ನಾಂಗಿಲ್ಲ. ಅತ್ತಿ ಎಲ್ಲಾರಕಿಂತ ಮದಲ ತಮ್ಮನ ಹೆಂಡ್ತೀನ ಕುಂಡ್ರಿಸಿದ್ರು.

"ಉಣ್ಣು ತಂಗಿ, ಹೊಟ್ಟಿ ತುಂಬ ಉಣ್ಣು. ನನಗೂ ಹೊಲ ಐತಿ."

ಒಂದು ಹೋಳಿಗಿ ಆತು, ಮತ್ತೊಂದು ಬಿತ್ತು. ಕಡಬು ಬಿತ್ತು, ಅದರ ಮ್ಯಾಲ ತುಪ್ಪ ಬಿತ್ತು. ರೈತ ಹೊಟ್ಟಿ ಹಿಡ್ಕೊಂಡು ಗೊಂಬಿ ಕಾಲಿಗೆ ಒರಗಿ ಕುಂತಬಿಟ್ಟ. ನಮ್ಮ ಮನಿಯವರು ಧೋತರದ ಗಂಟು ಸಡಿಲ ಮಾಡಿದ್ರು. ಅತ್ತಿ ನೀಡೂದು ಬಿಡಲಿಲ್ಲ, "ನನಗೂ ಹೊಲ ಐತಿ" ಅನ್ನೂದೂ ಬಿಡಲಿಲ್ಲ.

ಕಡೀಕ ತಮ್ಮನ ಹೆಂಡ್ತಿ ಬದುವಿನ ಮ್ಯಾಲ ಅಂಗಾತ ಬಿದ್ದು, ಕಣ್ಣು ಮ್ಯಾಲ ಮಾಡಿ, ಎರಡೂ ಕೈ ಮುಗದ್ಳು.

"ಅಕ್ಕಾರ, ನಿಮಗ ಹೊಲ ಐತ್ರಿ. ಖರೇನ ಐತಿ, ಒಪ್ಪಿದೆ. ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನೊಂದು ಹೊಲ ಮಾತ್ರ ತಗೋಬ್ಯಾಡ್ರಿ!"